ಚಿಕ್ಕಪೇಟೆಯಲ್ಲಿ ಒಂದೇ ದಿನದಲ್ಲಿ ಮದುವೆ ಜವಳಿ: ಎಲ್ಲಿಂದ ಶುರು ಮಾಡೋದು, ಏನೇನು ನೋಡ್ಕೋಬೇಕು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಾಘದಲ್ಲಿ ತಂಗಿ ಮದುವೆ. ಶಿವಮೊಗ್ಗದಿಂದ ಬಂದು ಬೆಂಗಳೂರಿನ ಚಿಕ್ಕಪೇಟೆಯಲ್ಲೇ ಜವಳಿ ತೆಗೆಯೋದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಬೆಳಗ್ಗೆ ಬಂದು ರಾತ್ರಿ ರೈಲಿಗೆ ವಾಪಸ್. ನಾಲ್ಕು ಜನ ಬರ್ತೀವಿ, ಇಬ್ಬರು ಹಿರಿಯರು.

ತೆಗೆಯಬೇಕಾದದ್ದು: ಧಾರೆ ಸೀರೆ ಒಂದು, ಆರತಕ್ಷತೆಗೆ ಒಂದು, ಅಮ್ಮ, ಅತ್ತೆ, ಅತ್ತಿಗೆಯರಿಗೆ ಒಟ್ಟು ಐದು ಒಳ್ಳೆಯ ರೇಷ್ಮೆ ಸೀರೆ, ಬೀಗರ ಕಡೆಯವರಿಗೆ ಉಡುಗೊರೆ ಕೊಡೋಕೆ 25 ಸೀರೆ, ಅರಿಶಿನ ಕುಂಕುಮದ ಜೊತೆ ಕೊಡೋಕೆ 60 ರವಿಕೆ ಕಣ, ಗಂಡಿಗೆ ರೇಷ್ಮೆ ಪಂಚೆ ಶಲ್ಯ. ಅಮ್ಮನಿಗೆ ಮೈಸೂರು ಸಿಲ್ಕೇ ಬೇಕಂತೆ.

ನನ್ನ ಪ್ರಶ್ನೆಗಳು: ಎಲ್ಲವೂ ಒಂದೇ ಅಂಗಡಿಯಲ್ಲಿ ತೆಗೆಯೋದು ಒಳ್ಳೆಯದಾ, ಬೇರೆ ಬೇರೆಯಾ? ಪ್ಯೂರ್ ರೇಷ್ಮೆ ಅಂತ ಅಲ್ಲೇ ಕೂತು ಗೊತ್ತು ಮಾಡಿಕೊಳ್ಳೋದು ಹೇಗೆ? ಹೋಲ್‌ಸೇಲ್ ಅಂಗಡಿಯವರು ನಮ್ಮಂಥವರಿಗೆ ಕೊಡ್ತಾರಾ? ಭಾನುವಾರ ಬಂದರೆ ನಡೆಯುತ್ತಾ?

---

ಪೇಟೆಬೀದಿ

ಮೊದಲು ನಿಮ್ಮ ಪಟ್ಟಿಯನ್ನು ಎರಡು ಭಾಗ ಮಾಡಿ. ಧಾರೆ ಸೀರೆ, ಆರತಕ್ಷತೆ ಸೀರೆ, ಮನೆಯವರ ಐದು ಸೀರೆ ಒಂದು ಭಾಗ. ಇಲ್ಲಿ ನೀವು ದುಡ್ಡು ಕೊಡೋದು ನೂಲಿಗೆ, ಜರಿಗೆ, ನೇಯ್ಗೆಗೆ. 25 ಉಡುಗೊರೆ ಸೀರೆ, 60 ಕಣ ಇನ್ನೊಂದು ಭಾಗ. ಅಲ್ಲಿ ದುಡ್ಡು ಹೋಗೋದು ಎಣಿಕೆಗೆ. ಈ ಎರಡನ್ನೂ ಒಂದೇ ಅಂಗಡಿಯಲ್ಲಿ ತೆಗೆದರೆ ಒಂದರಲ್ಲಿ ಬಿಟ್ಟ ರಿಯಾಯಿತಿಯನ್ನು ಇನ್ನೊಂದರಲ್ಲಿ ಸೇರಿಸಿ ಲೆಕ್ಕ ಹೇಳ್ತಾರೆ, ಯಾವುದು ಎಷ್ಟಕ್ಕೆ ಬಿತ್ತು ಅಂತ ಗೊತ್ತೇ ಆಗಲ್ಲ. ಉಡುಗೊರೆ ಸೀರೆ ಹೋಲ್‌ಸೇಲ್‌ನಲ್ಲಿ, ಒಳ್ಳೆ ಸೀರೆ ರೀಟೇಲ್‌ನಲ್ಲಿ. ಇದರಲ್ಲಿ ರಾಜಿ ಬೇಡ.

ಬರೋದು: ನಿಮ್ಮ ರೈಲು ಯಶವಂತಪುರದಲ್ಲಿ ನಿಲ್ಲೋದಾದರೆ ಅಲ್ಲೇ ಇಳಿದು ಹಸಿರು ಮಾರ್ಗದ ಮೆಟ್ರೊ ಹತ್ತಿ, ನೇರ ಚಿಕ್ಕಪೇಟೆ ನಿಲ್ದಾಣ, ಎಲ್ಲೂ ಬದಲಿಸಬೇಕಿಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದರೂ ಸಿಲ್ಕ್ ಇನ್ಸ್‌ಟಿಟ್ಯೂಟ್ ಕಡೆಗೆ ಹೋಗುವ ಗಾಡಿಯಲ್ಲಿ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಅದಾದ ಮೇಲೆ ಕೆ.ಆರ್. ಮಾರ್ಕೆಟ್. 2017ರಲ್ಲಿ ಈ ನಿಲ್ದಾಣ ಶುರುವಾದ ಮೇಲೆ ಕಾರು ತರೋದಕ್ಕೆ ಅರ್ಥವೇ ಉಳಿದಿಲ್ಲ. ಕಾರೇ ಬೇಕು ಅಂದರೆ ಫ್ರೀಡಂ ಪಾರ್ಕ್ ಹತ್ತಿರದ ಬಹುಮಹಡಿ ಪಾರ್ಕಿಂಗ್‌ನಲ್ಲಿ ಬಿಟ್ಟು ಆಟೊದಲ್ಲಿ ಬನ್ನಿ. ಪೇಟೆಯ ಒಳಗೆ ಕಾರು ನುಗ್ಗಿಸಬೇಡಿ. ಸರಕಿನ ತಳ್ಳುಗಾಡಿ, ಕೂಲಿಯವರ ತಲೆಹೊರೆ, ಸ್ಕೂಟರ್ ಎಲ್ಲ ಅದೇ ಹನ್ನೆರಡಡಿ ಜಾಗದಲ್ಲಿ ಓಡಾಡುತ್ತವೆ.

ಪೇಟೆ ಎಂದರೆ ಒಂದೇ ಬೀದಿ ಅಂದ್ಕೋಬೇಡಿ. ಕೆಂಪೇಗೌಡರ ಕಾಲದಿಂದಲೂ ಒಂದೊಂದು ಪೇಟೆಗೆ ಒಂದೊಂದು ವ್ಯಾಪಾರ. ಚಿಕ್ಕಪೇಟೆ ಮುಖ್ಯರಸ್ತೆಯಲ್ಲಿ ರೀಟೇಲ್ ರೇಷ್ಮೆ ಮಳಿಗೆಗಳು. ಅದಕ್ಕೆ ಹೊಂದಿಕೊಂಡ ಡಿ.ಎಸ್. ಲೇನ್, ಅಂದರೆ ದಿವಾನ್ ಸೂರಪ್ಪ ಗಲ್ಲಿಯಲ್ಲಿ ಹೋಲ್‌ಸೇಲ್ ಸೀರೆ, ಬಹಳಷ್ಟು ಅಂಗಡಿಗಳು ಮೊದಲ, ಎರಡನೇ ಮಹಡಿಯಲ್ಲಿ. ಬಳೆ ಮತ್ತು ಮದುವೆಯ ಚಿಲ್ಲರೆ ಸಾಮಾನಿಗೆ ಬಳೇಪೇಟೆ. ತಾಂಬೂಲದ ಚೀಲ, ಅಲಂಕಾರದ ಸಾಮಾನಿಗೆ ಮಾಮೂಲುಪೇಟೆ. ಬೆಳ್ಳಿ ಬಂಗಾರ ಇದ್ದರೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಕಡೆ.

ಹೊತ್ತು: ಹತ್ತೂವರೆಗೆ ಮುಂಚೆ ಬಂದರೆ ಶಟರ್ ನೋಡಬೇಕಷ್ಟೆ. ಹನ್ನೊಂದರಿಂದ ಒಂದೂವರೆ ತನಕ ಗಿರಾಕಿ ಕಡಿಮೆ, ಸೀರೆ ಬಿಚ್ಚಿ ತೋರಿಸೋಕೆ ಅವರಿಗೂ ತಾಳ್ಮೆ ಇರುತ್ತೆ. ನಾಲ್ಕರ ಮೇಲೆ ನೂಕುನುಗ್ಗಲು. ಹಾಗಾಗಿ ಧಾರೆ ಸೀರೆ, ಆರತಕ್ಷತೆ ಸೀರೆ ಊಟಕ್ಕೆ ಮುಂಚೆ. ಉಡುಗೊರೆ ಸೀರೆ ಮಧ್ಯಾಹ್ನ. ಕಣ, ಪಂಚೆ ಕೊನೆಗೆ. ತುಂಬ ಜನ ಉಲ್ಟಾ ಮಾಡ್ತಾರೆ: ಸುಲಭದ್ದು ಮೊದಲು ಮುಗಿಸೋಣ ಅಂತ ಉಡುಗೊರೆ ಸೀರೆಗೆ ಕೂತು, ಸಂಜೆ ಐದಕ್ಕೆ ಸುಸ್ತಾದ ಕಣ್ಣಲ್ಲಿ ಧಾರೆ ಸೀರೆ ಆರಿಸ್ತಾರೆ. ಆಗಲೇ ತಪ್ಪಾಗೋದು. ಊಟಕ್ಕೆ ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನ ಹತ್ತಿರ. ಹಿರಿಯರು ಸ್ವಲ್ಪ ಹೊತ್ತು ಕೂರಬಹುದು. ಶೌಚಾಲಯಕ್ಕೆ ದೊಡ್ಡ ಮಳಿಗೆಗಳನ್ನೇ ನೆಚ್ಚಬೇಕು, ಸಣ್ಣ ಅಂಗಡಿಗಳಲ್ಲಿ ಅನುಕೂಲ ಇರಲ್ಲ.

ಭಾನುವಾರ ಬೇಡ. ಸೀಸನ್‌ನಲ್ಲಿ ರೀಟೇಲ್ ಮಳಿಗೆಗಳು ತೆಗೆದಿರುತ್ತವೆ, ಆದರೆ ಹೋಲ್‌ಸೇಲ್ ಬಹುಪಾಲು ಬಾಗಿಲು ಹಾಕಿರುತ್ತೆ. ಮುಚ್ಚಿದ ಅಂಗಡಿಗಳ ಮುಂದೆಲ್ಲ ಸಂಡೇ ಬಜಾರ್ ಕೂತು ಹಿರಿಯರಿಗೆ ನಡೆಯೋಕೂ ಜಾಗ ಸಿಗಲ್ಲ. ಮಂಗಳವಾರದಿಂದ ಗುರುವಾರದ ಒಳಗೆ ಒಂದು ದಿನ ಇಟ್ಟುಕೊಳ್ಳಿ.

ರಸ್ತೆಯಲ್ಲಿ "ಬನ್ನಿ ಮೇಡಂ, ಫ್ಯಾಕ್ಟರಿ ರೇಟು" ಅಂತ ಕರೆಯೋರ ಹಿಂದೆ ಹೋಗಬೇಡಿ. ಅವರು ಕರೆದುಕೊಂಡು ಹೋದ ಗಿರಾಕಿಯ ಬಿಲ್ಲಿಗೆ ಕಮಿಷನ್ ಉಂಟು, ಅದು ಸೇರೋದು ನಿಮ್ಮ ಸೀರೆ ಬೆಲೆಗೇ. ಒಳಗೆ ಹೋದ ತಕ್ಷಣ ಮದುವೆ ಜವಳಿ ಅಂತ ಹೇಳೋ ಬದಲು "ಇಷ್ಟರಿಂದ ಇಷ್ಟರ ಒಳಗೆ ತೋರಿಸಿ" ಅಂತ ಶುರು ಮಾಡಿ. ಮದುವೆ ಅಂದ ಕೂಡಲೇ ಮೇಲಿನ ಬೆಲೆಯ ಗಂಟು ಬಿಚ್ಚುತ್ತಾರೆ. ಅದನ್ನು ನೋಡಿದ ಮೇಲೆ ನಿಮ್ಮ ಬಜೆಟ್ಟಿನ ಸೀರೆ ಯಾವುದೂ ಕಣ್ಣಿಗೆ ಹಿಡಿಸಲ್ಲ.

ಹೋಲ್‌ಸೇಲ್‌ನವರು ಕೊಡ್ತಾರೆ, ಆದರೆ ಸೆಟ್ ಲೆಕ್ಕದಲ್ಲಿ. ಒಂದೇ ಡಿಸೈನ್, ನಾಲ್ಕೋ ಆರೋ ಎಂಟೋ ಬಣ್ಣ. ಸೆಟ್ ಒಡೆಯಲ್ಲ. ಆರರ ನಾಲ್ಕು ಸೆಟ್ ತೆಗೆದರೆ 24. ಉಳಿದ ಒಂದಕ್ಕೆ ಅಲೆಯೋ ಬದಲು ಐದು ಸೆಟ್ ತೆಗೆದು 30 ಮಾಡಿಕೊಳ್ಳಿ, ಮದುವೆ ಮನೆಯಲ್ಲಿ ಕೊನೆ ಗಳಿಗೆಗೆ ನಾಲ್ಕೈದು ಸೀರೆ ಬೇಕೇ ಬೇಕಾಗುತ್ತೆ. ಪ್ರತಿ ಸೆಟ್ಟಿನಲ್ಲೂ ಯಾರಿಗೂ ಕೊಡಲಾಗದ ಬಣ್ಣ ಒಂದಿರುತ್ತೆ, ಕಪ್ಪೋ ಬೂದಿಯೋ. ದುಡ್ಡು ಕೊಡೋ ಮುಂಚೆ ಅದನ್ನು ಬದಲಿಸಿ ಅಂತ ಕೇಳಿ, ಇನ್ನೊಂದು ಸೆಟ್ ಬಿಚ್ಚಿದ್ದಿದ್ದರೆ ಕೊಡ್ತಾರೆ. ಮೇಲಿನ ಒಂದು ಸೀರೆ ನೋಡಿ ಇಡೀ ಕಟ್ಟು ಒಪ್ಪಬೇಡಿ. ಒಂದೊಂದರಲ್ಲೂ ಬ್ಲೌಸ್ ಪೀಸ್ ಇದೆಯಾ, ಸೆರಗಿನ ಡಿಸೈನ್ ಒಂದೇ ಥರ ಇದೆಯಾ ಅಂತ ನೋಡಿ. ಅವರು ಹೇಳೋ ದರಕ್ಕೆ ಜಿಎಸ್‌ಟಿ ಸೇರಿದೆಯಾ ಅಂತ ಮೊದಲೇ ಕೇಳಿ, ಹೋಲ್‌ಸೇಲ್‌ನಲ್ಲಿ ಸಾಮಾನ್ಯವಾಗಿ ಸೇರಿರಲ್ಲ.

---

ನೂಲೆಳೆ

ರೇಷ್ಮೆ ಪರೀಕ್ಷೆಯ ವಿಷಯ ನಾನು ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲನೆಯದು ಸಿಲ್ಕ್ ಮಾರ್ಕ್. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಶುರು ಮಾಡಿದ ಗುರುತು. ಸೀರೆಗೆ ಕಟ್ಟಿರುವ ಚೀಟಿಯಲ್ಲಿ ಹೊಲೋಗ್ರಾಂ, ನಂಬರ್ ಇರುತ್ತೆ. ಚೀಟಿ ಆ ಸೀರೆಗೇ ಕಟ್ಟಿರಬೇಕು. ಗೋಡೆಯ ಮೇಲೆ ಸಿಲ್ಕ್ ಮಾರ್ಕ್ ಬೋರ್ಡು ತೂಗುಹಾಕಿದ್ದರೆ ಅಂಗಡಿಯ ಎಲ್ಲ ಸೀರೆಯೂ ರೇಷ್ಮೆ ಅಂತಲ್ಲ. ಮೇಜಿನ ಡ್ರಾಯರಿನಿಂದ ಚೀಟಿ ತೆಗೆದು ಆಮೇಲೆ ಕಟ್ಟಿ ಕೊಟ್ಟರೆ ಬೇಡ ಅನ್ನಿ. ಇನ್ನೊಂದು ಮುಖ್ಯ ಮಾತು: ಸಿಲ್ಕ್ ಮಾರ್ಕ್ ಹೇಳೋದು ನೂಲು ಅಪ್ಪಟ ರೇಷ್ಮೆ ಅಂತ ಮಾತ್ರ. ಜರಿ ಬೆಳ್ಳಿಯದ್ದಾ, ಕೈಮಗ್ಗವಾ, ಕಾಂಚೀಪುರದಲ್ಲೇ ನೇಯ್ದಿದ್ದಾ, ಇದ್ಯಾವುದನ್ನೂ ಅದು ಹೇಳಲ್ಲ. ಚೀಟಿ ತೋರಿಸಿ "ಎಲ್ಲಾ ಪ್ಯೂರ್ ಮೇಡಂ" ಅಂದಾಗ ಈ ಮೂರನ್ನೂ ಬೇರೆ ಬೇರೆಯಾಗಿ ಕೇಳಿ.

ಎರಡನೆಯದು ಸುಟ್ಟು ನೋಡೋದು. ಇಲ್ಲಿ ಎಲ್ಲರೂ ಬಿಡೋ ಒಂದು ಹೆಜ್ಜೆ ಇದೆ. ಸೀರೆಯಲ್ಲಿ ಹಾಸು (ಉದ್ದದ್ದು), ಹೊಕ್ಕು (ಅಡ್ಡದ್ದು) ಅಂತ ಎರಡು ನೂಲು. ಹಾಸು ರೇಷ್ಮೆ, ಹೊಕ್ಕು ಪಾಲಿಯೆಸ್ಟರ್ ಇರೋ ಸೀರೆ ಪೇಟೆಯಲ್ಲಿ ಧಾರಾಳ. ಸೆರಗಿನ ತುದಿಯಲ್ಲಿ ಜೋತು ಬಿದ್ದಿರೋ ಎಳೆ ಬರೀ ಹಾಸು. ಅದನ್ನು ಮಾತ್ರ ಸುಟ್ಟು ತೋರಿಸಿದರೆ ಅರ್ಧ ಸತ್ಯ. ಬ್ಲೌಸ್ ಪೀಸಿನ ತುದಿಯಲ್ಲಿ ಉದ್ದದ್ದು ಮೂರೆಳೆ, ಅಡ್ಡದ್ದು ಮೂರೆಳೆ ಬೇರೆ ಬೇರೆ ಎಳೆದುಕೊಳ್ಳಿ. ಜರಿ ಇಲ್ಲದ ಜಾಗದಿಂದ ತೆಗೀರಿ. ಪ್ರತಿಯೊಂದನ್ನೂ ಹುರಿ ಮಾಡಿ ಬೆಂಕಿಕಡ್ಡಿಗೆ ಹಿಡೀರಿ.

ರೇಷ್ಮೆ ನಿಧಾನ ಉರಿಯುತ್ತೆ, ಕಡ್ಡಿ ಆಚೆ ತೆಗೆದರೆ ತಾನೇ ಆರುತ್ತೆ, ಕೂದಲು ಸುಟ್ಟ ವಾಸನೆ ಬರುತ್ತೆ, ತುದಿಯಲ್ಲಿ ಕೂರೋ ಕರಿ ಉಂಡೆ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತೆ. ಪಾಲಿಯೆಸ್ಟರ್ ಮುದುಡಿ ಕರಗುತ್ತೆ, ಆರಿದ ಮೇಲೆ ಮಣಿಯ ಹಾಗೆ ಗಟ್ಟಿಯಾಗಿ ಉಳಿಯುತ್ತೆ, ಉಗುರಿಗೂ ಒಡೆಯಲ್ಲ. ವಿಸ್ಕೋಸ್, ಅಂದರೆ ಆರ್ಟ್ ಸಿಲ್ಕ್, ಕಾಗದದ ಹಾಗೆ ಭಗ್ಗನೆ ಉರಿದು ಹಗುರ ಬೂದಿ ಬಿಡುತ್ತೆ. ಕರಗಿದ ಪಾಲಿಯೆಸ್ಟರ್ ಬೆರಳಿಗೆ ಅಂಟಿದರೆ ಸುಡುತ್ತೆ, ಚಿಮಟದಲ್ಲಿ ಹಿಡೀರಿ. ಗಾದಿಯ ಮೇಲೆ ಸೀರೆಗಳ ರಾಶಿ ಇರುವಾಗ ಅಲ್ಲೇ ಕಡ್ಡಿ ಗೀರಬೇಡಿ, ಕೌಂಟರಿನ ಹೊರಗೆ ಹೋಗಿ ಮಾಡಿ. ಇಷ್ಟು ಬೆಲೆಯ ಸೀರೆಗೆ ಎಳೆ ಕೇಳೋದು ತಪ್ಪಲ್ಲ. ಒಳ್ಳೆ ಅಂಗಡಿಯವರು ಅವರೇ ಕಿತ್ತು ಕೊಡ್ತಾರೆ.

ಬೆಂಕಿ ಬೇಡ ಅಂದರೆ ಮನೆಯಲ್ಲಿ ಇನ್ನೊಂದು ದಾರಿ. ಹೊಸದಾಗಿ ಒಡೆದ ಬ್ಲೀಚ್ ಬಾಟಲಿಯಿಂದ, ಅಂದರೆ ಸೋಡಿಯಂ ಹೈಪೋಕ್ಲೋರೈಟ್, ಎರಡು ಚಮಚ ಗಾಜಿನ ಲೋಟಕ್ಕೆ ಹಾಕಿ ಎಳೆಗಳನ್ನು ಮುಳುಗಿಸಿ. ರೇಷ್ಮೆ ಅರ್ಧ ಗಂಟೆಯೊಳಗೆ ಕರಗಿ ಹೋಗುತ್ತೆ. ಪಾಲಿಯೆಸ್ಟರ್, ಹತ್ತಿ, ವಿಸ್ಕೋಸ್ ಹಾಗೇ ಉಳಿಯುತ್ತವೆ, ಬಣ್ಣ ಬಿಡಬಹುದಷ್ಟೆ. ಹಳೇ ಬಾಟಲಿ ಆದರೆ ಶಕ್ತಿ ಹೋಗಿರುತ್ತೆ, ರೇಷ್ಮೆಯೂ ಕರಗದೆ ನಿಮ್ಮನ್ನು ದಾರಿ ತಪ್ಪಿಸುತ್ತೆ.

ಈಗ ಜರಿ. ಪೇಟೆಯಲ್ಲಿ ಮೂರು ಥರ ಹೇಳ್ತಾರೆ. ಪ್ಯೂರ್ ಜರಿ ಎಂದರೆ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಹಾಫ್ ಫೈನ್ ಅಥವಾ ಟೆಸ್ಟೆಡ್ ಜರಿಯಲ್ಲಿ ತಾಮ್ರದ ತಂತಿ, ಮೇಲೆ ತೆಳು ಲೇಪ. ಮೂರನೆಯದು ಪ್ಲಾಸ್ಟಿಕ್ ಹಾಳೆಗೆ ಲೋಹದ ಬಣ್ಣ ಕೊಟ್ಟು ಸೀಳಿದ್ದು. ಪ್ಲಾಸ್ಟಿಕ್ ಜರಿ ಸುಟ್ಟರೆ ಕರಗುತ್ತೆ, ಗುರುತು ಸುಲಭ. ಮೊದಲೆರಡರ ನಡುವೆ ಕಣ್ಣಿಗೆ ವ್ಯತ್ಯಾಸ ಸಿಗಲ್ಲ. ಉಗುರಲ್ಲಿ ಕೆರೆದಾಗ ಒಳಗೆ ಕೆಂಪು ನೂಲು ಕಂಡರೆ ಅಪ್ಪಟ ಬೆಳ್ಳಿ ಅಂತ ಸುಮಾರು ಜನ ನಂಬಿದ್ದಾರೆ. ಈಗ ತಾಮ್ರದ ಜರಿಗೂ ಕೆಂಪು ನೂಲೇ ಹಾಕ್ತಾರೆ, ಆದ್ದರಿಂದ ಆ ಗುರುತು ಸಾಲದು. ಬಂಗಾರದ ಅಂಗಡಿಗಳಲ್ಲಿರೋ ಎಕ್ಸ್‌ಆರ್‌ಎಫ್ ಯಂತ್ರ ಬೆಳ್ಳಿ, ತಾಮ್ರ ಎಷ್ಟಿದೆ ಅಂತ ನಿಮಿಷದಲ್ಲಿ ತೋರಿಸುತ್ತೆ, ಕೆಲವು ದೊಡ್ಡ ಸೀರೆ ಮಳಿಗೆಗಳೂ ಇಟ್ಟಿವೆ. ಪ್ಯೂರ್ ಜರಿಯ ಬೆಲೆ ಕೇಳಿದರೆ ಪ್ಯೂರ್ ಜರಿ ಅಂತ ಬಿಲ್ಲಿನಲ್ಲೇ ಬರೆಸಿ. ಬರೆಯಲ್ಲ ಅಂದರೆ ಉತ್ತರ ಸಿಕ್ಕ ಹಾಗೆ.

ಹಾಫ್ ಫೈನ್ ಜರಿಯೇನೂ ಕೆಟ್ಟದ್ದಲ್ಲ, ಬೆಲೆ ಅದರದ್ದೇ ಆಗಿದ್ದರೆ. ವರ್ಷಕ್ಕೆ ಎರಡು ಸಲ ಉಡೋ ಸೀರೆಗೆ ಸಾಕು. ಆದರೆ ಬೆವರು ತಾಗಿ ಲೇಪ ಸವೆದಾಗ ತಾಮ್ರ ಕಪ್ಪಾಗುತ್ತೆ, ಹಳೇ ಜರಿ ಕೊಳ್ಳೋರ ಹತ್ತಿರ ಬೆಳ್ಳಿಯ ಬೆಲೆ ಸಿಗಲ್ಲ.

ಅಮ್ಮನ ಮೈಸೂರು ಸಿಲ್ಕ್: ಇದನ್ನು ಚಿಕ್ಕಪೇಟೆಯಲ್ಲಿ ಹುಡುಕಬೇಡಿ. 1912ರಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯ ಸೀರೆ ಈಗ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯದು, ಅದು ಸಿಗೋದು ಅವರದೇ ಮಳಿಗೆಗಳಲ್ಲಿ. ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ. ಪ್ರತಿ ಸೀರೆಗೂ ಹೊಲೋಗ್ರಾಂ ಮತ್ತು ಅದರದೇ ನಂಬರ್. ಪೇಟೆಯಲ್ಲಿ "ಮೈಸೂರ್ ಸಿಲ್ಕ್", "ಮೈಸೂರು ಕ್ರೇಪ್" ಅಂತ ಮಾರೋದು ಖಾಸಗಿ ಮಗ್ಗದ ಕ್ರೇಪ್. ಅದೂ ಅಪ್ಪಟ ರೇಷ್ಮೆ ಇರಬಹುದು, ಬೆಲೆ ಕಡಿಮೆ, ಆದರೆ ಅಮ್ಮ ಕೇಳ್ತಿರೋದು ಅದಲ್ಲ. ಕೆಂಪೇಗೌಡ ರಸ್ತೆಯಲ್ಲಿ ಕೆಎಸ್‌ಐಸಿ ಮಳಿಗೆ ಇದೆ, ಪೇಟೆಯಿಂದ ಆಟೊದಲ್ಲಿ ಹತ್ತಿರ. ಅಲ್ಲಿ ಚೌಕಾಸಿ ಇಲ್ಲ, ಬೇಡಿಕೆಯ ಬಣ್ಣಗಳು ಬೇಗ ಖಾಲಿ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಮೊದಲು ಅಲ್ಲಿಗೇ ಹೋಗಿ, ಅಲ್ಲಿಂದ ಚಿಕ್ಕಪೇಟೆಗೆ ಬನ್ನಿ.

---

ತುಂಗಾತೀರ

ಇಬ್ಬರಿಗೂ ತುಂಬಾ ಧನ್ಯವಾದ. ಕೆಎಸ್‌ಐಸಿ ವಿಷಯ ಗೊತ್ತಿರಲಿಲ್ಲ, ಅಮ್ಮನಿಗೆ ಹೇಳಿದೆ. ಇನ್ನೆರಡು ಕೇಳೋದಿದೆ. ಫಾಲ್, ಕುಚ್ಚು ಅಲ್ಲೇ ಹಾಕಿಸಿಕೊಂಡು ಬರಬಹುದಾ? ಧಾರೆ ಸೀರೆ ಕೈಮಗ್ಗದ್ದು ಅಂತ ಹೇಗೆ ತಿಳಿಯೋದು? ತಂಗಿ ಸ್ವಲ್ಪ ಎತ್ತರ, ಐದೂ ಮುಕ್ಕಾಲಡಿ.

---

ಸೂಜಿದಾರ

ಎತ್ತರದ ವಿಷಯ ಹೇಳಿದ್ದು ಒಳ್ಳೇದಾಯ್ತು. ಸೀರೆಯ ಅಗಲ ಸಾಮಾನ್ಯವಾಗಿ 46ರಿಂದ 48 ಇಂಚು. ತಂಗಿಗೆ 48ಕ್ಕೆ ಕಡಿಮೆ ತೆಗೆಯಬೇಡಿ. ಹೀಲ್ಸ್ ಹಾಕಿಕೊಂಡಾಗ 46ರ ಸೀರೆ ಮೇಲೆ ನಿಲ್ಲುತ್ತೆ. ಉದ್ದ ಬ್ಲೌಸ್ ಪೀಸ್ ಬಿಟ್ಟು 5.5 ಮೀಟರ್ ಇರಬೇಕು, ಬ್ಲೌಸ್ 80 ಸೆಂಟಿಮೀಟರ್ ಸೇರಿ 6.3. ಒಂದು ಅಳತೆ ಟೇಪು ಚೀಲದಲ್ಲಿರಲಿ. ಅಗ್ಗದ ಸೀರೆಗಳಲ್ಲಿ ಮೊದಲು ಕತ್ತರಿ ಬೀಳೋದು ಉದ್ದಕ್ಕೇ, 5.2 ಇರುತ್ತೆ, ನೆರಿಗೆ ಎರಡು ಕಮ್ಮಿ. ಬ್ಲೌಸಿಗೆ ಮೊಳಕೈ ತನಕ ತೋಳು ಬೇಕು ಅಂದರೆ, ಮೈ ಅಳತೆ 40 ಇಂಚಿನ ಮೇಲಿದ್ದರೆ 80 ಸೆಂಟಿಮೀಟರ್ ಸಾಲಲ್ಲ, ಟೈಲರ್‌ಗೆ ಮೊದಲೇ ಕೇಳಿ.

ಕೈಮಗ್ಗದ ಕಾಂಚೀಪುರಂ ತಿಳಿಯೋಕೆ ಸೀರೆ ತಿರುವಿ ಹಾಕಿ ಅಂಚು ಸೇರೋ ಜಾಗ ನೋಡಿ. ಮೈ ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇರೋ ಕೊರ್ವೈ ಸೀರೆಯಲ್ಲಿ ಎರಡು ಬಣ್ಣದ ಹೊಕ್ಕು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಹೋಗಿರುತ್ತೆ. ಹಿಂದೆ ಹಲ್ಲುಹಲ್ಲಾದ ಗೆರೆ ಕಾಣುತ್ತೆ, ಬೆರಳಾಡಿಸಿದರೆ ಸಣ್ಣ ಏರು ತಗಲುತ್ತೆ. ಮಗ್ಗದಲ್ಲಿ ಇದಕ್ಕೆ ಇಬ್ಬರು ಕೂರಬೇಕು, ಮೂರು ಲಾಳಿ ಬೇಕು, ಬೆಲೆ ಅದಕ್ಕೇ ಹೆಚ್ಚು. ಮೈ, ಅಂಚು ಎರಡಕ್ಕೂ ಒಂದೇ ಹೊಕ್ಕು ಸಲೀಸಾಗಿ ದಾಟಿ ಹೋಗಿದ್ದರೆ ಅದು ಕೊರ್ವೈ ಅಲ್ಲ. ಅಂಚಿನ ಬಣ್ಣದಲ್ಲಿ ಮೈ ಬಣ್ಣದ ಛಾಯೆ ಇಣುಕೋದು ಇನ್ನೊಂದು ಗುರುತು. ಧರ್ಮಾವರ, ದೊಡ್ಡಬಳ್ಳಾಪುರದ ಪವರ್‌ಲೂಮ್ ಸೀರೆಗಳು ಬಹಳ ಅಂದವಾಗಿ ಬರ್ತವೆ. ಮನೆಯವರ ಐದು ಸೀರೆಗೆ ಅವು ಧಾರಾಳ ಸಾಕು. ಕೈಮಗ್ಗದ ಬೆಲೆಗೆ ಅವನ್ನು ಕೊಳ್ಳಬಾರದು ಅಷ್ಟೆ.

ಆರಿಸಿದ ಸೀರೆಯನ್ನು ಬಾಗಿಲ ಹತ್ತಿರ ಹಗಲು ಬೆಳಕಿಗೆ ತನ್ನಿ. ಗಾದಿಯ ಮೇಲಿನ ಎಲ್‌ಇಡಿ ಬೆಳಕಿನಲ್ಲಿ ಮಾವಿನ ಹಳದಿ ಕಂಡದ್ದು ಮಂಟಪದಲ್ಲಿ ನಿಂಬೆ ಹಳದಿ ಆಗುತ್ತೆ. ಬೆಳಕಿಗೆ ಅಡ್ಡ ಹಿಡಿದರೆ ಹೊಕ್ಕು ತಪ್ಪಿದ ಗೆರೆ, ಬಣ್ಣದ ಪಟ್ಟೆ, ಎಣ್ಣೆ ಕಲೆ ಎಲ್ಲಾ ಕಾಣುತ್ತೆ. ಮಡಿಕೆಯ ಗೆರೆಗಳನ್ನು ಒಂದೊಂದಾಗಿ ನೋಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ಹಳೇ ಸ್ಟಾಕ್ ಆ ಗೆರೆಯಲ್ಲೇ ಸೀಳೋದು, ಭಾರಿ ರಿಯಾಯಿತಿ ಅಂದ ಸೀರೆಯಲ್ಲಿ ಇದನ್ನೇ ಮೊದಲು ನೋಡಬೇಕು. ಬಿಳಿ ಕರ್ಚೀಫ್ ಒದ್ದೆ ಮಾಡಿ ಒಳ ತುದಿಯಲ್ಲಿ ಹತ್ತು ಸಲ ಉಜ್ಜಿ. ಕಡು ಕೆಂಪು, ರಾಮಾ ಹಸಿರು ಬಣ್ಣ ಬಿಟ್ಟರೆ ಬೆವರಿಗೆ ಬ್ಲೌಸ್‌ಗೂ ಹತ್ತುತ್ತೆ.

ಫಾಲ್, ಪೀಕೊ (ತುದಿಯ ಮೆಷಿನ್ ಹೊಲಿಗೆ) ಅದೇ ದಿನ ಆಗುತ್ತೆ. ಆದರೆ ಬೇಡ ಅನ್ನೋದೇ ನನ್ನ ಸಲಹೆ. ಹತ್ತಿಯ ಫಾಲ್ ಬಟ್ಟೆಯನ್ನು ಬಿಸಿನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಹಾಕಬೇಕು. ಅವಸರದಲ್ಲಿ ಹಾಗೇ ಹೊಲಿದರೆ ಮೊದಲ ಒಗೆತಕ್ಕೆ ಫಾಲ್ ಕುಗ್ಗಿ ಸೀರೆಯ ಕೆಳ ಅಂಚು ಸುಕ್ಕು ಸುಕ್ಕು. ರೇಷ್ಮೆಗೆ ಮೆಷಿನ್ ಫಾಲ್ ಬೇಡ, ಸೂಜಿ ತೂತು ಉಳಿಯುತ್ತೆ. ಕೈ ಹೊಲಿಗೆಯೇ ಆಗಬೇಕು. ಒಳ ತುದಿಯಿಂದ ಒಂದು ಗೇಣು ಬಿಟ್ಟು ಫಾಲ್ ಶುರು ಮಾಡಿದರೆ ಸೊಂಟದ ಹತ್ತಿರ ದಪ್ಪ ಆಗಲ್ಲ. ಸೆರಗಿಗೆ ಕುಚ್ಚು ಹಾಕಿಸೋದಾದರೆ ಆ ತುದಿಗೆ ಪೀಕೊ ಮಾಡಿಸಬೇಡಿ, ಬಿಟ್ಟಿರೋ ಎಳೆಗಳನ್ನೇ ಹಿಡಿದು ಕಟ್ಟಬೇಕು. ಅಂಗಡಿಯವರು ಚೊಕ್ಕಟ ಕಾಣಲಿ ಅಂತ ಆ ಎಳೆ ಕತ್ತರಿಸೋಕೆ ಬರ್ತಾರೆ, ಬೇಡ ಅನ್ನಿ. ಶಿವಮೊಗ್ಗದಲ್ಲೇ ಕುಚ್ಚು ಕಟ್ಟೋರು ಬೇಕಾದಷ್ಟು ಜನ ಇದ್ದಾರೆ. ಚಿಕ್ಕಪೇಟೆಯಿಂದ ರೇಷ್ಮೆ ದಾರ ಮಾತ್ರ ತಗೊಂಡು ಹೋಗಿ, ಸೀರೆ ಪಕ್ಕ ಇಟ್ಟು ಬಣ್ಣ ಕೂಡಿಸಿ.

ರವಿಕೆ ಕಣಕ್ಕೆ ಟೂ ಬೈ ಟೂ ರುಬಿಯಾ (ರವಿಕೆಯ ಹತ್ತಿ ಬಟ್ಟೆ) ಕೇಳಿ. 60 ಕಣದ ಕಟ್ಟಿನಲ್ಲಿ ಒಂದೆರಡು ತೆಗೆದು ಅಳೆದರೆ 80 ಸೆಂಟಿಮೀಟರ್ ಬರಬೇಕು. ಕಡಿಮೆ ದರದ್ದು 70 ಇರುತ್ತೆ, ಯಾರಿಗೂ ರವಿಕೆ ಆಗಲ್ಲ, ಮನೆಯಿಂದ ಮನೆಗೆ ಸುತ್ತುತ್ತಾ ಇರುತ್ತೆ. ಕೊಟ್ಟ ಕಣ ಹೊಲಿಸಿಕೊಳ್ಳೋ ಹಾಗೆ ಇರಲಿ ಅನ್ನೋದು ನನ್ನ ಆಸೆ. ಗಂಡಿಗೆ 9×5 ಜೋಡಿ ಕೇಳಿ. ಪಂಚೆ 9 ಮೊಳ, ಶಲ್ಯ 5 ಮೊಳ. ಕಚ್ಚೆ ಹಾಕೋದಾದರೆ 8 ಮೊಳ ಸಾಲದೆ ಬರುತ್ತೆ.

---

ಲೆಕ್ಕಪತ್ರ

ಬಿಲ್ಲಿನ ಬಗ್ಗೆ ಯಾರೂ ಪೂರ್ತಿ ಹೇಳಿಲ್ಲ, ಸೇರಿಸ್ತೀನಿ.

ಸೀರೆ, ಕಣ ಬಟ್ಟೆಯ ಲೆಕ್ಕದಲ್ಲಿ ಬರ್ತವೆ, ಜಿಎಸ್‌ಟಿ ಶೇ. 5. ಸೀರೆ ಐದು ಸಾವಿರದ್ದಿರಲಿ, ಐವತ್ತು ಸಾವಿರದ್ದಿರಲಿ ಅಷ್ಟೇ. "ದೊಡ್ಡ ಸೀರೆಗೆ ಟ್ಯಾಕ್ಸ್ ಜಾಸ್ತಿ, ಬಿಲ್ ಬೇಡ ಬಿಡಿ" ಅಂದರೆ ಒಪ್ಪಬೇಡಿ. ಆರತಕ್ಷತೆಗೆ ಹೊಲಿದ ಲೆಹೆಂಗಾ ತಗೊಂಡರೆ ಲೆಕ್ಕ ಬೇರೆ: 22 ಸೆಪ್ಟೆಂಬರ್ 2025ರಿಂದ ಸಿದ್ಧ ಉಡುಪು ₹2,500 ತನಕ ಶೇ. 5, ಅದರ ಮೇಲೆ ಶೇ. 18.

ಬಿಲ್ ಇಲ್ಲದೆ ತಗೊಂಡರೆ ಉಳಿಯೋದು ಆ ಶೇ. 5 ಮಾತ್ರ. ಕಳೆದುಕೊಳ್ಳೋದು ಇಡೀ ಸೀರೆಯ ಮೇಲಿನ ಹಕ್ಕು. ಬಿಲ್ಲಿನಲ್ಲಿ ಬರೀ "ಸೀರೆ 7" ಅಂತ ಬರೆಸಬೇಡಿ. ಒಂದೊಂದು ಸೀರೆಗೆ ಒಂದು ಸಾಲು: ಪ್ಯೂರ್ ಸಿಲ್ಕ್, ಕೈಮಗ್ಗ, ಪ್ಯೂರ್ ಜರಿ ಅಥವಾ ಹಾಫ್ ಫೈನ್ ಜರಿ, ಬಣ್ಣ, ಬೆಲೆ. ಸಿಲ್ಕ್ ಮಾರ್ಕ್ ಚೀಟಿಯ ನಂಬರ್ ಕೂಡ ಬರೆಸಿದರೆ ಉತ್ತಮ. ಬಾಯಲ್ಲಿ ಹೇಳಿದ್ದೆಲ್ಲ ಈ ಸಾಲಿಗೆ ಬರಬೇಕು.

"ಮಾರಿದ ಮಾಲು ವಾಪಸ್ ಇಲ್ಲ" ಅಂತ ಬಿಲ್ಲಿನ ಕೆಳಗೆ ಅಚ್ಚಾಗಿರುತ್ತೆ. ಬಣ್ಣ ಇಷ್ಟ ಆಗಲಿಲ್ಲ ಅಂತ ಹೋದರೆ ಅವರು ವಾಪಸ್ ತಗೋಬೇಕು ಅಂತ ಕಾನೂನೇನೂ ಇಲ್ಲ. ಆದರೆ ದೋಷ ಇರೋ ಮಾಲನ್ನು ವಾಪಸ್ ತಗೊಂಡು ದುಡ್ಡು ಕೊಡೋಕೆ ನಿರಾಕರಿಸೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಆ ಅವಧಿ, ಬರೆದಿಲ್ಲದಿದ್ದರೆ 30 ದಿನ. ಬಿಲ್ ಕೊಡದಿರೋದೂ ಅದೇ ಕಾಯ್ದೆಯಲ್ಲಿ ತಪ್ಪು. ಮೊದಲು ಅಂಗಡಿಗೆ ಫೋಟೊ ಸಮೇತ ಬರೆದು ತಿಳಿಸಿ, ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಊರಿಗೆ ಹೋದ ವಾರದೊಳಗೆ ಎಲ್ಲಾ ಸೀರೆ ಪೂರ್ತಿ ಬಿಚ್ಚಿ ನೋಡಿ. ಫಾಲ್ ಹೊಲಿದ ಮೇಲೆ, ಬ್ಲೌಸ್ ಕತ್ತರಿಸಿದ ಮೇಲೆ ದೋಷ ತೋರಿಸಿದರೆ ವಾದ ಕಷ್ಟ.

ನಗದು: ಒಬ್ಬರಿಂದ ಒಂದು ದಿನಕ್ಕೆ ಅಥವಾ ಒಂದು ವ್ಯವಹಾರಕ್ಕೆ ₹2 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ನಗದು ತಗೊಳ್ಳೋ ಹಾಗಿಲ್ಲ. ಬಿಲ್ ಒಡೆದು ಎರಡು ಮಾಡಿಕೊಡ್ತೀವಿ ಅಂದರೆ ಬೇಡ ಅನ್ನಿ. ಯುಪಿಐಗೆ ದಿನದ ಮಿತಿ ಇರುತ್ತೆ, ಮನೆಯವರ ಎರಡು ಖಾತೆ ಸಿದ್ಧ ಇರಲಿ. ನೆಲಮಾಳಿಗೆಯ ಅಂಗಡಿಗಳಲ್ಲಿ ನೆಟ್‌ವರ್ಕ್ ಸಿಗದೆ ಪಾವತಿ ಅರ್ಧಕ್ಕೆ ನಿಲ್ಲೋದುಂಟು. ಖಾತೆಯಿಂದ ಹೋಗಿದೆಯಾ ಅಂತ ನೋಡದೆ ಎರಡನೇ ಸಲ ಕಳಿಸಬೇಡಿ.

---

ಪೇಟೆಬೀದಿ

ಸೂಜಿದಾರ ಅವರು ಫಾಲ್ ಬಗ್ಗೆ ಹೇಳಿದ್ದು ಸರಿ. ನನ್ನದು ಎರಡು ಸೇರ್ಪಡೆ.

ಮಾಘದ ಮದುವೆ ಅಂದರೆ ಅದರ ಹಿಂದಿನ ಪುಷ್ಯ ಶೂನ್ಯಮಾಸ, ಹೆಚ್ಚಿನ ಮನೆಗಳಲ್ಲಿ ಆಗ ಜವಳಿ ತೆಗೆಯಲ್ಲ. ಹಾಗಾಗಿ ಕಾರ್ತಿಕ, ಮಾರ್ಗಶಿರದಲ್ಲೇ ಎಲ್ಲರೂ ಮುಗಿಬೀಳ್ತಾರೆ. ದೀಪಾವಳಿ ಮುಗಿದ ಮೊದಲ ವಾರ ಅಂಗಡಿಗಳಲ್ಲಿ ಹಬ್ಬಕ್ಕೆ ಮಾರಿ ಉಳಿದ ಮಾಲೇ ಹೆಚ್ಚು. ಎರಡು ವಾರ ಬಿಟ್ಟು ಬಂದರೆ ಹೊಸ ಲಾಟ್ ಬಂದಿರುತ್ತೆ. ಮನೆಯಲ್ಲಿ ಅಂಥ ಕಟ್ಟುಪಾಡು ಇಲ್ಲದಿದ್ದರೆ ಪುಷ್ಯದಲ್ಲೇ ಬನ್ನಿ, ಆಷಾಢದ ಹಾಗೆ ಆಗಲೂ ಅಂಗಡಿ ಖಾಲಿ, ದರದಲ್ಲಿ ಮಾತಾಡೋಕೆ ಜಾಗ ಇರುತ್ತೆ. ಆದರೆ ಬ್ಲೌಸ್ ಹೊಲಿಸೋಕೆ ಮೂರು ವಾರವಾದರೂ ಉಳಿದಿರಲಿ.

ಚೌಕಾಸಿ ಒಂದೊಂದು ಸೀರೆಗೆ ಮಾಡಬೇಡಿ. ಬೇಕಾದ್ದೆಲ್ಲ ಆರಿಸಿ ಒಂದು ಕಡೆ ಇಟ್ಟು, ಒಟ್ಟು ಎಷ್ಟು ಅಂತ ಬರೆಸಿ, ಆಮೇಲೆ ಮಾಲೀಕರು ಕೂತಿರೋ ಗಲ್ಲಾಪೆಟ್ಟಿಗೆ ಹತ್ತಿರ ಮಾತಾಡಿ. ಸೀರೆ ತೋರಿಸೋ ಹುಡುಗರಿಗೆ ದರ ಇಳಿಸೋ ಅಧಿಕಾರ ಇರಲ್ಲ, ಅವರ ಜೊತೆ ವಾದ ಮಾಡಿ ದಣಿಯೋದು ಬೇಡ. ಬೋಣಿ ಹೊತ್ತಿನಲ್ಲಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸೋಕೆ ಯಾರಿಗೂ ಇಷ್ಟ ಇರಲ್ಲ, ಆದರೆ ಆ ಹೊತ್ತಲ್ಲಿ ಕೊಳ್ಳೋ ಮನಸ್ಸಿಲ್ಲದೆ ದರ ಕೇಳಿ ಎದ್ದು ಬರಬೇಡಿ, ಅವರಿಗೆ ಬೇಸರ ಆಗುತ್ತೆ. ಫಿಕ್ಸೆಡ್ ಪ್ರೈಸ್ ಬೋರ್ಡ್ ಇರೋ ಕಡೆ ದರ ಬಿಟ್ಟು ಬೇರೆ ಕೇಳಿ: ಫಾಲ್ ಬಟ್ಟೆ, ಸೀರೆ ಚೀಲ, ಶಿವಮೊಗ್ಗಕ್ಕೆ ಪಾರ್ಸೆಲ್.

30 ಸೀರೆ, 60 ಕಣದ ಕಟ್ಟನ್ನು ಹಿರಿಯರ ಜೊತೆ ಮೆಟ್ರೊ ಮೆಟ್ಟಿಲಲ್ಲಿ ಹೊರಬೇಡಿ. ಹೋಲ್‌ಸೇಲ್ ಅಂಗಡಿಯವರೇ ಕಟ್ಟಿ ಲಾರಿ ಪಾರ್ಸೆಲ್ ಹಾಕ್ತಾರೆ. ಕಟ್ಟೋ ಮುಂಚೆ ಎದುರಿಗೇ ಎಣಿಸಿ, ಬಂಡಲ್ ಮೇಲೆ ಸೀರೆ ಎಷ್ಟು ಕಣ ಎಷ್ಟು ಅಂತ ಮಾರ್ಕರ್‌ನಲ್ಲಿ ಬರೆಸಿ, ಪಾರ್ಸೆಲ್ ರಸೀತಿ ನಂಬರ್ ಫೋಟೊ ತಕ್ಕೊಳ್ಳಿ. ಧಾರೆ ಸೀರೆ, ಆರತಕ್ಷತೆ ಸೀರೆ, ಕೆಎಸ್‌ಐಸಿ ಸೀರೆ ಮಾತ್ರ ಕೈಚೀಲದಲ್ಲಿ ನಿಮ್ಮ ಜೊತೆಗೇ ಬರಲಿ.